ಆ ಪದ ಬೇಡ ಅನ್ನೋಕೆ ಮೈಕ್ ಹಿಡಿದವರು ಯಾರು?

ಇದು ಸ್ವಲ್ಪ ಉದ್ದದ ಪೋಸ್ಟು. ಅದೂ ಸೂಪರ್‌ಹೀರೋ ಕಾಮಿಕ್ಸ್ ಬಗ್ಗೆ. "ಚಳವಳಿ ಬಿಟ್ಟು ಇದೇನಣ್ಣ ಮಕ್ಕಳ ಪುಸ್ತಕ ಹಿಡ್ಕೊಂಡಿದ್ದೀರಿ" ಅನ್ನೋರು ಕೊನೇವರೆಗೂ ಓದಿ, ಆಮೇಲೆ ಬೈಯಿರಿ.

ಹೋದ ವಾರ ನಮ್ಮಕ್ಕನ ಮಗಳು ಮನೆಗೆ ಬಂದಿದ್ದಳು. ಬೆಂಗಳೂರಲ್ಲಿ ಕೆಲಸ. ಊಟಕ್ಕೆ ಕೂತಾಗ, "ಮಾವ, ಬರೆದಿದ್ದಕ್ಕೆಲ್ಲ ದಲಿತ ದಲಿತ ಅಂತ ಸೇರಿಸ್ತೀರಲ್ಲ, ಆ ಪದಾನೇ ಬಿಟ್ಬಿಟ್ರೆ ಆಗಲ್ವಾ? ಆಫೀಸಲ್ಲಿ ನಾನು ಬರೀ ನಾನಾಗಿದ್ದೀನಿ. ಆರಾಮಾಗಿದ್ದೀನಿ" ಅಂದಳು. ನನಗೆ ಸಿಟ್ಟು ಬಂತು. ತುತ್ತು ನುಂಗಿ ಸುಮ್ಮನಾದೆ. ರಾತ್ರಿ ಅವಳೇ ಟ್ಯಾಬ್ ತಂದು ಒಂದು ಕಾಮಿಕ್ಸಿನ ಪುಟ ತೋರಿಸಿದಳು. "ನೋಡಿ, ನಾನು ಹೇಳಿದ್ದನ್ನೇ ಈ ಹೀರೋನೂ ಹೇಳ್ತಿದಾನೆ."

ಅವಳು ಹೋದ ಮೇಲೆ ನಾನು ಆ ಪುಟದ ಹಿಂದುಮುಂದೆಲ್ಲ ಹುಡುಕಿ ಓದಿದೆ. ಅದನ್ನೇ ನಿಮಗೂ ಹೇಳ್ತೀನಿ.

ಎಕ್ಸ್-ಮೆನ್ ಅನ್ನೋ ಕಾಮಿಕ್ ಶುರುವಾಗಿದ್ದು 1963ರಲ್ಲಿ, ಅಮೆರಿಕದಲ್ಲಿ. ಸ್ಟಾನ್ ಲೀ ಮತ್ತು ಜಾಕ್ ಕಿರ್ಬಿ ಕಟ್ಟಿದ್ದು. ಇಬ್ಬರೂ ವಲಸೆ ಬಂದ ಯಹೂದಿ ಕುಟುಂಬಗಳ ಮಕ್ಕಳು. ಕಥೆ ಇಷ್ಟು: ಕೆಲವರು ಹುಟ್ಟುವಾಗಲೇ ಬೇರೆ ಥರ ಹುಟ್ಟುತ್ತಾರೆ. ಅವರಿಗೆ ಮ್ಯೂಟಂಟ್ ಅಂತ ಹೆಸರು. ಅವರು ಏನು ಮಾಡಿದ್ರು ಅಂತಲ್ಲ, ಹುಟ್ಟಿದ್ರು ಅನ್ನೋ ಕಾರಣಕ್ಕೇ ಜಗತ್ತು ಅವರನ್ನು ದ್ವೇಷಿಸುತ್ತೆ. ಹುಟ್ಟಿನ ಕಾರಣಕ್ಕೆ ದ್ವೇಷ ಅಂದರೆ ಏನು ಅಂತ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಒಂದು ಮಾತು. ಆ ಮೊದಲ ತಂಡದ ಐದೂ ಜನ ಬಿಳಿಯರು. ಅವಮಾನದ ಕಥೆ ಕರಿಯರದ್ದು, ಯಹೂದಿಗಳದ್ದು. ಚಿತ್ರದಲ್ಲಿ ಮುಖ ಮಾತ್ರ ಬಿಳಿ ಹುಡುಗರದ್ದು. 1975ರಲ್ಲಿ ಹೊಸ ತಂಡ ಬಂದಾಗಷ್ಟೇ ಸ್ಟಾರ್ಮ್ ಎಂಬ ಕಪ್ಪು ಹೆಣ್ಣುಮಗಳು, ನೀಲಿ ಮೈ ಮತ್ತು ಬಾಲ ಇರೋ ನೈಟ್‌ಕ್ರಾಲರ್ ಎಲ್ಲ ಒಳಗೆ ಬಂದರು. ಅಲ್ಲಿಂದ ಓದುಗರು ಹೆಚ್ಚಿದರು. ನಮ್ಮ ಸುಧಾ, ತರಂಗದ ಧಾರಾವಾಹಿಗಳಿಗೆ ಕಾದು ಕೂರ್ತಿದ್ದ ಹಾಗೆ ತಿಂಗಳು ತಿಂಗಳು ಕಾದು ಓದೋರು. ಓದಿ, ಜಗಳ ಆಡೋರು, ಸಂಪಾದಕರಿಗೆ ಪತ್ರ ಬರೆಯೋರು.

ಈಗ 2012ಕ್ಕೆ ಬನ್ನಿ. ಕಥೆಯಲ್ಲಿ ಎಕ್ಸ್-ಮೆನ್‌ಗೂ ಅವೆಂಜರ್ಸ್‌ಗೂ ದೊಡ್ಡ ಯುದ್ಧ ಆಗಿ, ಮ್ಯೂಟಂಟರ ಗುರು ಪ್ರೊಫೆಸರ್ ಎಕ್ಸ್ ಸತ್ತಿದ್ದಾನೆ. ಕ್ಯಾಪ್ಟನ್ ಅಮೆರಿಕ ಎರಡೂ ಕಡೆಯವರನ್ನು ಸೇರಿಸಿ ಒಂದು ಒಗ್ಗಟ್ಟಿನ ತಂಡ ಕಟ್ಟುತ್ತಾನೆ. ಪುಸ್ತಕದ ಹೆಸರು ಅನ್‌ಕ್ಯಾನಿ ಅವೆಂಜರ್ಸ್. ನಾಯಕತ್ವ ಹ್ಯಾವಕ್ ಎಂಬ ಮ್ಯೂಟಂಟ್‌ಗೆ. ಅವನ ನಿಜವಾದ ಹೆಸರು ಅಲೆಕ್ಸ್ ಸಮರ್ಸ್. 2013ರಲ್ಲಿ ಬಂದ ಐದನೇ ಸಂಚಿಕೆಯಲ್ಲಿ ಅಲೆಕ್ಸ್ ಪತ್ರಿಕಾಗೋಷ್ಠಿ ಮಾಡುತ್ತಾನೆ. ಮ್ಯೂಟಂಟ್ ಅನ್ನೋ ಪದಾನೇ ಜನರನ್ನು ಒಡೆಯುತ್ತೆ, ಆ ಹುಟ್ಟು ನನ್ನನ್ನು ಗುರುತಿಸೋದು ಬೇಡ, ದಯವಿಟ್ಟು ಆ ಪದ ಬಳಸಬೇಡಿ ಅನ್ನೋದು ಅವನ ಮಾತಿನ ಸಾರ. ಮತ್ತೇನಂತ ಕರೀಬೇಕು ಅಂತ ಪತ್ರಕರ್ತರು ಕೇಳಿದರೆ, ಅಲೆಕ್ಸ್ ಅನ್ನಿ ಸಾಕು ಅಂತಾನೆ.

ನನ್ನ ಸೊಸೆ ತೋರಿಸಿದ್ದು ಈ ಪುಟ. ಕೇಳೋಕೆ ಎಷ್ಟು ಚೆನ್ನಾಗಿದೆ ಅಲ್ವಾ? ನಾವೆಲ್ಲ ಮನುಷ್ಯರು, ಹೆಸರಿಂದ ಕರೀರಿ ಸಾಕು.

ಓದುಗರು ಮಾತ್ರ ಸುಮ್ಮನೆ ಚಪ್ಪಾಳೆ ಹೊಡೀಲಿಲ್ಲ. ಸಂಚಿಕೆ ಬಂದ ಕೂಡಲೇ ದೊಡ್ಡ ಗಲಾಟೆ. ಅವರ ಪ್ರಶ್ನೆ ನೇರವಾಗಿತ್ತು. ಅಲೆಕ್ಸ್ ನೀನು ಬಿಳಿಯ, ಚಿನ್ನದ ಕೂದಲು, ನೋಡೋಕೆ ಚೆಂದ. ನಿನ್ನ ಹುಟ್ಟು ನಿನ್ನ ಮೈಮೇಲೆ ಕಾಣಲ್ಲ. ಬೀದಿಯಲ್ಲಿ ನಡೆದು ಹೋದರೆ ಯಾರೂ ತಿರುಗಿ ನೋಡಲ್ಲ. ನೀಲಿ ಮೈಯವನು, ಬಾಲ ಇರೋನು "ನನ್ನ ಹೆಸರು ಹಿಡಿದು ಕರೀರಿ ಸಾಕು" ಅಂದರೆ ಜನ ಬಿಡ್ತಾರಾ? ಎಲ್ಲರ ಪರವಾಗಿ ಆ ಪದ ಬೇಡ ಅನ್ನೋಕೆ ನಿನಗೆ ಮೈಕ್ ಕೊಟ್ಟೋರು ಯಾರು?

ಹಳೇ ಓದುಗರಿಗೆ ಇನ್ನೊಂದು ನೆನಪೂ ಇತ್ತು. 2005ರಲ್ಲಿ ಹೌಸ್ ಆಫ್ ಎಂ ಕಥೆಯಲ್ಲಿ ಸ್ಕಾರ್ಲೆಟ್ ವಿಚ್ ಎಂಬ ಪಾತ್ರ, ಮ್ಯೂಟಂಟರೇ ಇನ್ನು ಬೇಡ ಅಂದುಬಿಟ್ಟ ಕೂಡಲೇ ಲಕ್ಷಾಂತರ ಮಂದಿಯ ಶಕ್ತಿ ಮಾಯವಾಗಿ, ಭೂಮಿ ಮೇಲೆ ಉಳಿದದ್ದು ಬರೀ ಕೆಲವು ನೂರು ಮ್ಯೂಟಂಟರು. ಅದೇ ಸ್ಕಾರ್ಲೆಟ್ ವಿಚ್ ಈಗ ಅಲೆಕ್ಸ್‌ನ ತಂಡದಲ್ಲೇ ಇದ್ದಾಳೆ. ಆಗ ಜನಾಂಗ ಬೇಡ ಅಂದ್ರು, ಈಗ ಹೆಸರು ಬೇಡ ಅಂತಿದಾರೆ. ಓದಿಕೊಂಡು ಬಂದವರಿಗೆ ಉರಿಯದೆ ಇರುತ್ತಾ?

ಬರೆದ ರಿಕ್ ರೆಮೆಂಡರ್ ಟೀಕೆ ಮಾಡಿದವರಿಗೆ ಟ್ವಿಟರ್‌ನಲ್ಲಿ ಕೆಟ್ಟದಾಗಿ ಉತ್ತರ ಕೊಟ್ಟರು. ಆಮೇಲೆ ಅದಕ್ಕೆ ಕ್ಷಮೆಯನ್ನೂ ಕೇಳಿದರು. ಒಳ್ಳೇ ಮನಸ್ಸಿಂದ ಬರೆದಿದ್ದೆ, ಯಾಕೆ ಬೈತಾರೆ ಅನ್ನೋ ನೋವು ಅವರಿಗಿತ್ತು ಅನ್ಸುತ್ತೆ. ಈ ನೋವನ್ನು ನಾನು ಬೇಕಾದಷ್ಟು ನೋಡಿದ್ದೀನಿ. "ನಿಮ್ಮವರನ್ನ ನಾವು ಬೇರೆ ಅಂತ ನೋಡಲ್ಲಪ್ಪ" ಅನ್ನೋ ಗೆಳೆಯರು, ಅದಕ್ಕೆ ನಾವು ಥ್ಯಾಂಕ್ಸ್ ಹೇಳದೇ ಇದ್ದಾಗ ಮುಖ ಸಣ್ಣ ಮಾಡ್ಕೋತಾರೆ.

ನನಗೆ ಇಷ್ಟವಾಗಿದ್ದು ಮುಂದಿನದು. ಕೆಲವೇ ತಿಂಗಳಲ್ಲಿ ಇನ್ನೊಂದು ಪುಸ್ತಕದಲ್ಲಿ ಉತ್ತರ ಬಂತು. ಆಲ್-ನ್ಯೂ ಎಕ್ಸ್-ಮೆನ್, 13ನೇ ಸಂಚಿಕೆ, ಬರೆದವರು ಬ್ರಯನ್ ಮೈಕೆಲ್ ಬೆಂಡಿಸ್. ಅಲ್ಲಿ ಕಿಟ್ಟಿ ಪ್ರೈಡ್ ಎಂಬ ಹುಡುಗಿ ಚಿಕ್ಕವರನ್ನು ಕೂರಿಸಿಕೊಂಡು ಅಲೆಕ್ಸ್‌ನ ಭಾಷಣದ ಬಗ್ಗೆ ಮಾತಾಡುತ್ತಾಳೆ. ಕಿಟ್ಟಿ ಮ್ಯೂಟಂಟೂ ಹೌದು, ಯಹೂದಿಯೂ ಹೌದು. ಅವಳ ಮನೆ ಹೆಸರು ನೋಡಿದರೆ ಯಹೂದಿ ಅಂತ ಗೊತ್ತಾಗಲ್ಲ. ಒಮ್ಮೆ ತನಗೆ ಇಷ್ಟವಾಗಿದ್ದ ಹುಡುಗನೇ ಯಹೂದಿಗಳ ಬಗ್ಗೆ ಕೀಳಾಗಿ ಮಾತಾಡಿದ್ದನ್ನು ಕೇಳಿಸಿಕೊಂಡಳಂತೆ. ಸುಮ್ಮನಿದ್ದಿದ್ರೆ ಯಾರಿಗೂ ತಿಳೀತಿರಲಿಲ್ಲ. ಅವಳು ಸುಮ್ಮನಿರಲಿಲ್ಲ, ನಾನೂ ಯಹೂದಿನೇ ಅಂದಳು. ಈಗಲೂ ನಾನು ಯಾರು ಅಂತ ಜನಕ್ಕೆ ಗೊತ್ತಿರಲಿ ಅನ್ನೋದೇ ಅವಳ ಮಾತು.

ಇಲ್ಲಿ ಗಮನಿಸಿ. ಕಿಟ್ಟಿನೂ ಅಲೆಕ್ಸ್ ಥರಾನೇ ಬಚ್ಚಿಟ್ಟುಕೊಳ್ಳಬಹುದಾದವಳು. ಅವಳಿಗೂ ಆ ಸೌಲಭ್ಯ ಇತ್ತು. ಆದರೆ ಬಚ್ಚಿಟ್ಟುಕೊಂಡರೆ ತನ್ನವರನ್ನು ಬೈಯೋದನ್ನ ಪಕ್ಕದಲ್ಲೇ ಕೂತು ಕೇಳಿಸಿಕೋಬೇಕು. ಆ ಬೆಲೆ ಕೊಡೋಕೆ ಅವಳು ತಯಾರಿರಲಿಲ್ಲ.

ಆ ಬೆಲೆ ಎಷ್ಟು ಅಂತ ನನಗೆ ಗೊತ್ತು. ಓದೋ ಕಾಲದಲ್ಲಿ ನಾನಿದ್ದ ಬಾಡಿಗೆ ರೂಮಿನ ಮನೆಯವರು ಒಳ್ಳೆಯವರೇ. ನಾನು ಯಾವ ಜನ ಅಂತ ಹೇಳಿರಲಿಲ್ಲ, ಅವರೂ ಏನೋ ಅಂದುಕೊಂಡಿದ್ದರು. ಒಂದಿನ ಜಗಲಿ ಮೇಲೆ ಕೂತು ಕಾಫಿ ಕುಡೀತಾ, ಅವರು ನಮ್ಮ ಕೇರಿಯವರ ಬಗ್ಗೆ ಆಡಿದ ಮಾತಿಗೆ ನಾನೂ ಸಣ್ಣಗೆ ನಕ್ಕೆ. ಆ ನಗು ಇವತ್ತಿಗೂ ಚುಚ್ಚುತ್ತೆ. ಅಲೆಕ್ಸ್‌ನನ್ನು ಬೈಯೋ ಮೊದಲು ನನ್ನೊಳಗೂ ಒಬ್ಬ ಅಲೆಕ್ಸ್ ಇದ್ದ ಅಂತ ಒಪ್ಕೋಬೇಕಲ್ಲ.

ಪದದ ವಿಷಯಕ್ಕೆ ಬರೋಣ. ನಮ್ಮನ್ನು ಏನಂತ ಕರೀಬೇಕು ಅಂತ ಯಾವತ್ತೂ ಬೇರೆಯವರೇ ತೀರ್ಮಾನ ಮಾಡಿದ್ದಾರೆ. ಗಾಂಧಿ ಹರಿಜನ ಅಂದರು. 1938ರಲ್ಲಿ ಬಾಂಬೆ ಶಾಸನಸಭೆಯಲ್ಲಿ ಆ ಪದವನ್ನು ಕಾನೂನಿಗೇ ಸೇರಿಸಲು ಹೊರಟಾಗ ಬಾಬಾಸಾಹೇಬರು ವಿರೋಧಿಸಿ ತಮ್ಮವರ ಜೊತೆ ಸಭೆಯಿಂದ ಎದ್ದು ಹೊರಬಂದರು. ದಲಿತ ಅನ್ನೋ ಪದವನ್ನು ಹೋರಾಟದ ಪದ ಮಾಡಿಕೊಂಡವರು ನಾವೇ. 1972ರಲ್ಲಿ ಮುಂಬಯಿಯ ಹುಡುಗರು ಅಮೆರಿಕದ ಕರಿಯರ ಹೋರಾಟ ನೋಡಿ ದಲಿತ್ ಪ್ಯಾಂಥರ್ಸ್ ಕಟ್ಟಿದರು. ನಮ್ಮಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿತು. ಸಿದ್ಧಲಿಂಗಯ್ಯನವರು ಊರವರು ಬೈಗುಳ ಮಾಡಿಕೊಂಡಿದ್ದ ಹೆಸರನ್ನೇ ಎತ್ತಿ 1975ರಲ್ಲಿ ತಮ್ಮ ಸಂಕಲನಕ್ಕೆ ಹೊಲೆಮಾದಿಗರ ಹಾಡು ಅಂತ ಹೆಸರಿಟ್ಟರು. ಹಾಗೆ ನಾವು ಗಳಿಸಿಕೊಂಡ ಪದವನ್ನು 2018ರಲ್ಲಿ ಕೇಂದ್ರದ ವಾರ್ತಾ ಇಲಾಖೆ, ಕೋರ್ಟಿನ ಆದೇಶದ ನೆಪದಲ್ಲಿ, ಟಿವಿಯವರು ಬಳಸಬೇಡಿ ಅಂತ ಸೂಚನೆ ಕಳಿಸಿತು. ಪರಿಶಿಷ್ಟ ಜಾತಿ ಅನ್ನಿ ಸಾಕಂತೆ. ಆ ಪದದಲ್ಲಿ ಪಟ್ಟಿ ಇದೆ, ಸೀರಿಯಲ್ ನಂಬರ್ ಇದೆ. ತುಳಿದೋರು ಇದ್ದಾರೆ ಅನ್ನೋ ಸುಳಿವು ಮಾತ್ರ ಇಲ್ಲ.

ಪದ ತೆಗೆದರೆ ಜಾತಿ ಹೋಗೋದಾಗಿದ್ರೆ ನಾನೇ ಮೊದಲು ತೆಗೀತಿದ್ದೆ. ಪದ ತೆಗೆದ ಮೇಲೂ ಬಾಡಿಗೆ ಮನೆ ಸಿಗಲ್ಲ. ಯಾಕೆ ಸಿಗಲಿಲ್ಲ ಅಂತ ಹೇಳೋಕೆ ನಮ್ಮ ಬಾಯಲ್ಲಿ ಪದ ಮಾತ್ರ ಇರಲ್ಲ.

ಆ ಓದುಗರಿಂದ ನಾವು ಕಲಿಯೋದೂ ಇದೆ. ಬೈದವರು ಪುಸ್ತಕ ಸುಡಿ ಅನ್ನಲಿಲ್ಲ. ಕಥೆ ಇನ್ನೂ ಮುಗಿದಿಲ್ಲ ಅಂತ ಗೊತ್ತಿದ್ದವರು ಅವರು. ಮುಂದಿನ ತಿಂಗಳಿಗೆ ಮೊದಲೇ ಮಾತಾಡಿದರೆ ಕಥೆಯಲ್ಲಿ ಇನ್ನೊಂದು ದನಿಗೆ ಜಾಗ ಆಗುತ್ತೆ ಅನ್ನೋ ಭರವಸೆ ಇತ್ತು. ನಾವು ನಮ್ಮ ಮಕ್ಕಳ ಜೊತೆ ಹೀಗೆ ಜಗಳ ಆಡ್ತೀವಾ? ಒಂದು ಮಾತು ತಪ್ಪಿದರೆ "ಸಮುದಾಯ ಮರೆತೋಳು" ಅಂತ ಷರಾ ಬರೆದು ಮುಗಿಸಿಬಿಡ್ತೀವಿ.

ನಿನ್ನೆ ಅವಳಿಗೆ ಫೋನ್ ಮಾಡಿದೆ. "ನೋಡವ್ವ, ಆಫೀಸಲ್ಲಿ ಹೇಳ್ಕೋ ಅಂತ ನಾನು ಒತ್ತಾಯ ಮಾಡಲ್ಲ. ಅಲ್ಲಿ ದಿನಾ ಕೂತು ದುಡಿಯೋಳು ನೀನು, ಅದರ ಅಪಾಯ ನಿನಗೇ ಗೊತ್ತು. ಆದರೆ ಆ ಪದಾನೇ ಬೇಡ ಅನ್ನಬೇಡ. ಕೇರಿಯಲ್ಲಿರೋ ನಿನ್ನ ಅಜ್ಜಿಗೆ ಬಚ್ಚಿಟ್ಟುಕೊಳ್ಳೋ ಸೌಲಭ್ಯ ಇಲ್ಲ" ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಮಾವ, ಆ 13ನೇ ಸಂಚಿಕೆ ನಾನು ಓದೇ ಇಲ್ಲ, ಕಳಿಸಿ" ಅಂದಳು.

ಕಳಿಸಿದ್ದೀನಿ. ಅವಳು ಒಪ್ಪಿಲ್ಲ, ಓದ್ತಾಳೆ ಅಷ್ಟೆ. ಮುಂದಿನ ಸಲ ಊಟಕ್ಕೆ ಬಂದಾಗ ಜಗಳ ಮುಂದುವರಿಯುತ್ತೆ.

ಜೈಭೀಮ್.