‘ನಮ್ ಮಗೂಗೆ ಕನ್ನಡ ಬರಲ್ಲ’ ಅಂತ ಅದರ ಎದುರಿಗೇ ಹೇಳಬೇಡಿ

ಇಲ್ಲಿ ಬೆಳೆಯುವ ಮಕ್ಕಳು ಕನ್ನಡ ಮಾತಾಡಲ್ಲ ಅಂತ ನಾವು ದೂರೋದು ಶಾಲೆಯನ್ನ, ಯೂಟ್ಯೂಬನ್ನ, ಅವರ ಗೆಳೆಯರನ್ನ. ನನ್ನ ತಕರಾರು ಅಪ್ಪ-ಅಮ್ಮಂದಿರ ಮೇಲೆ. ಮಗು ಏನು ಗೀಚಿದ್ರೂ ‘ವಾವ್, ಗುಡ್ ಜಾಬ್’ ಅನ್ನುವ ನಾವು, ಅದೇ ಮಗು ಕನ್ನಡದಲ್ಲಿ ಬಾಯಿ ತೆರೆದರೆ ನಗುತ್ತೇವೆ.

ಭಾನುವಾರದ ವಾಟ್ಸಾಪ್ ವಿಡಿಯೋ ಕಾಲ್ ನೆನಪಿಸಿಕೊಳ್ಳಿ. ಮಗು ಆಸೆಯಿಂದ ‘ಅಜ್ಜಿ, ಕಥೆ ಹೇಲು’ ಅನ್ನುತ್ತೆ. ಅಷ್ಟೇ, ಎರಡೂ ಕಡೆ ಹೊಟ್ಟೆ ಹುಣ್ಣಾಗುವಷ್ಟು ನಗು. ಚಿಕ್ಕಪ್ಪ ‘ಇನ್ನೊಂದ್ಸಲ ಹೇಳು ಪುಟ್ಟಾ’ ಅಂತ ಬೇರೆ ಕೇಳ್ತಾರೆ, ರೆಕಾರ್ಡ್ ಮಾಡಿ ಫ್ಯಾಮಿಲಿ ಗ್ರೂಪ್‌ಗೆ ಹಾಕೋಕೆ. (ಕನ್ನಡ ಕಲಿಯುತ್ತಾ ಇದನ್ನು ಓದುತ್ತಿರುವವರಿಗೆ: ‘ಹೇಲು’ ಅಂದರೆ ಮಲ. ಅವತ್ತು ಯಾಕೆ ನಕ್ಕರು ಅಂತ ಈಗ ಗೊತ್ತಾಯ್ತಲ್ಲ.) ಪ್ರೀತಿಯಿಂದಲೇ ನಕ್ಕಿದ್ದು, ಒಪ್ಪಿದೆ. ಆದರೆ ಮಗು ಕಲಿಯೋದು ಇಷ್ಟೇ: ಕನ್ನಡ ಮಾತಾಡಿದ್ರೆ ನಗ್ತಾರೆ, ಇಂಗ್ಲಿಷ್ ಮಾತಾಡಿದ್ರೆ ನಗಲ್ಲ.

ಅಷ್ಟಕ್ಕೂ ‘ಳ’ ಬರದೇ ಇರೋದು ಮಗುವಿನ ಸೋಮಾರಿತನ ಅಲ್ಲ. ಕೆನಡಾದಲ್ಲಿ ಜಾನೆಟ್ ವರ್ಕರ್ ಮತ್ತು ರಿಚರ್ಡ್ ಟೀಸ್ 1984ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಇಂಗ್ಲಿಷ್ ಮನೆಗಳ ಆರೆಂಟು ತಿಂಗಳ ಕೂಸುಗಳು ಹಿಂದಿಯ ‘ತ’ ಮತ್ತು ‘ಟ’ ಬೇರೆ ಅಂತ ಗುರುತಿಸುತ್ತಿದ್ದವು. ವರ್ಷ ತುಂಬುವ ಹೊತ್ತಿಗೆ ಆ ಶಕ್ತಿ ಬಹುಪಾಲು ಹೋಗಿತ್ತು. ಹಿಂದಿ ಕೇಳುತ್ತಾ ಬೆಳೆದ ಕೂಸುಗಳಲ್ಲಿ ಹೋಗಿರಲಿಲ್ಲ. ನಾವೇ ಮನೆಯಲ್ಲಿ ಇಂಗ್ಲಿಷ್ ಮಾತಾಡಿ, ಆಮೇಲೆ ಮಗುವಿನ ನಾಲಿಗೆ ಮಡಚಲ್ಲ ಅಂತ ನಗೋದು ಯಾವ ನ್ಯಾಯ?

ನಗುವಿಗಿಂತ ಕೆಟ್ಟದ್ದು ಒಂದಿದೆ. ಮನೆಗೆ ಬಂದವರ ಮುಂದೆ, ಮಗು ಪಕ್ಕದಲ್ಲೇ ಕೂತಿರುವಾಗ, ‘ಅರ್ಥ ಆಗುತ್ತೆ, ಮಾತಾಡೋಕೆ ಬರಲ್ಲ’ ಅನ್ನೋದು. ಕೆಲವರ ದನಿಯಲ್ಲಿ ಸಣ್ಣ ಹೆಮ್ಮೆಯೂ ಇರುತ್ತೆ! ಅಪ್ಪನೇ ಬರಲ್ಲ ಅಂದಮೇಲೆ ಮಗು ಯಾಕೆ ಪ್ರಯತ್ನಪಡಬೇಕು?

ಹಾಗಂತ ‘ನೀನು ಜಾಣ, ನೀನು ಜೀನಿಯಸ್’ ಅಂತ ಸುರಿದರೂ ಆಗಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಬುದ್ಧಿವಂತಿಕೆಗೆ ಹೊಗಳಿಸಿಕೊಂಡ ಐದನೇ ತರಗತಿಯ ಮಕ್ಕಳು ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಶ್ರಮಕ್ಕೆ ಹೊಗಳಿಸಿಕೊಂಡವರು ಹಿಡಿದು ಕೂತರು. ಡೇಟಾ ನೋಡೋದೇ ನನ್ನ ಕೆಲಸ, ಅದಕ್ಕೇ ಇದನ್ನೂ ಹೇಳ್ತೀನಿ: ಇದೇ ವಿಚಾರವನ್ನ ಆಧರಿಸಿ ಶಾಲೆಗಳಲ್ಲಿ ನಡೆಸಿದ ತರಬೇತಿಗಳನ್ನೆಲ್ಲ ಒಟ್ಟು ಹಾಕಿ ನೋಡಿದಾಗ ಸಿಕ್ಕ ಲಾಭ ಸಣ್ಣದು. ಹೊಗಳಿಕೆ ಮಂತ್ರವೇನಲ್ಲ. ಆದರೆ ‘ಅಂಗಡಿಯವರ ಹತ್ರ ನೀನೇ ಕನ್ನಡದಲ್ಲಿ ಕೇಳಿದೆಯಲ್ಲ, ಭೇಷ್’ ಅನ್ನೋದಕ್ಕೆ ಖರ್ಚೇನು? ಆ ಮಾತು ಕನ್ನಡದಲ್ಲೇ ಇರಲಿ. ಬೈಗುಳ ಮಾತ್ರ ಕನ್ನಡದಲ್ಲಿ, ಮೆಚ್ಚುಗೆಯೆಲ್ಲ ಇಂಗ್ಲಿಷ್‌ನಲ್ಲಿ ಅಂದ್ರೆ ಮಗುವಿಗೆ ಯಾವ ಭಾಷೆ ಇಷ್ಟ ಆಗುತ್ತೆ?

‘ಹಾಗಾದ್ರೆ ತಪ್ಪು ತಿದ್ದಲೇಬಾರದಾ?’ ಅಂತ ಕೇಳ್ತೀರಿ. ತಿದ್ದಿ, ಆದರೆ ಮೊದಲು ಉತ್ತರ ಕೊಡಿ. ಮಗು ಓಡಿ ಬಂದು ‘ಅಜ್ಜಿ ಬಂತು’ ಅಂದರೆ ವ್ಯಾಕರಣದ ಪಾಠ ಬೇಡ. ‘ಹೌದಾ, ಅಜ್ಜಿ ಬಂದ್ರಾ? ಏನ್ ತಂದ್ರು ನಿಂಗೆ?’ ಅಂತ ಕೇಳಿ ಸಾಕು.