ಅಗಲವಾದ ಟೈರು: ಅಳೆದು ನೋಡಿ ನಿರ್ಧರಿಸೋಣ

ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ವರ್ತಕರಿಗೂ ಸಣ್ಣ ಉದ್ಯಮಿಗಳಿಗೂ ಸೆಡಾನ್ ಕಾರು ಇಂದು ಅಂಗಡಿಯ ತಕ್ಕಡಿಯಷ್ಟೇ ಅಗತ್ಯವಾದ ಸಾಧನ. ಗಜೇಂದ್ರಗಡದ ಸೀರೆಗಳ ಗಂಟು ಹುಬ್ಬಳ್ಳಿಗೆ ಹೋಗುವುದೂ, ಕಡಲೆ, ಹತ್ತಿ, ಈರುಳ್ಳಿಯ ಖರೀದಿಗಾಗಿ ಹಳ್ಳಿಗಳನ್ನು ಸುತ್ತುವುದೂ ಅದರಲ್ಲಿಯೇ. ಇಂತಹ ಕಾರಿನ ಟೈರು ಸವೆದಾಗ, "ಈ ಸಲ ಸ್ವಲ್ಪ ಅಗಲದ್ದು ಹಾಕಿಸಿರಿ, ಹಿಡಿತ ಹೆಚ್ಚುತ್ತದೆ" ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಈ ಸಲಹೆಯನ್ನು ವ್ಯಾಪಾರಿಯ ಲೆಕ್ಕದಿಂದಲೇ ಪರಿಶೀಲಿಸುವುದು ಉಚಿತ.

ಟೈರಿನ ಮೇಲೆ 165/80 ಆರ್14 ಎಂದು ಬರೆದಿದ್ದರೆ, ಅದರ ಅಗಲ 165 ಮಿ.ಮೀ., ಪಕ್ಕೆಯ ಎತ್ತರ ಆ ಅಗಲದ ಶೇ. 80, ಅಂದರೆ 132 ಮಿ.ಮೀ., ರಿಮ್ಮಿನ ವ್ಯಾಸ 14 ಅಂಗುಲ ಎಂದರ್ಥ. ಇಡೀ ಗಾಲಿಯ ವ್ಯಾಸ ಸುಮಾರು 620 ಮಿ.ಮೀ. ಅದೇ ರಿಮ್ಮಿಗೆ 185/65 ಆರ್14 ಹಾಕಿಸಿದರೆ ಅಗಲ 20 ಮಿ.ಮೀ. ಹೆಚ್ಚುವುದು ನಿಜ, ಆದರೆ ವ್ಯಾಸ 596 ಮಿ.ಮೀ.ಗೆ ಇಳಿಯುತ್ತದೆ. ಕಾರಿನ ತಳ ನೆಲಕ್ಕೆ 12 ಮಿ.ಮೀ. ಹತ್ತಿರವಾಗುತ್ತದೆ. ಹಂಪುಗಳೂ ತಗ್ಗುಗಳೂ ತುಂಬಿದ ಹಳ್ಳಿಯ ರಸ್ತೆಯಲ್ಲಿ ಇದು ಅಲ್ಪವಾದ ನಷ್ಟವಲ್ಲ.

ಇನ್ನೊಂದು ಅಂಶ ಬಾಡಿಗೆ ವಾಹನ ಇಟ್ಟವರಿಗೂ ಬಾಡಿಗೆ ಕೊಡುವವರಿಗೂ ಸಂಬಂಧಿಸಿದ್ದು. ಚಿಕ್ಕದಾದ ಗಾಲಿ ಅದೇ ದೂರಕ್ಕೆ ಹೆಚ್ಚು ಸುತ್ತು ತಿರುಗುವುದರಿಂದ, ಮೊದಲು 100 ಕಿ.ಮೀ. ತೋರಿಸುತ್ತಿದ್ದ ಮೀಟರು ಈಗ ಸುಮಾರು 104 ತೋರಿಸುತ್ತದೆ. ಕಿ.ಮೀ. ಲೆಕ್ಕದಲ್ಲಿ ಹಣ ಪಡೆಯುವ ವ್ಯವಹಾರದಲ್ಲಿ ಇದು ತೂಕದ ಕಲ್ಲು ಬದಲಾದಂತೆಯೇ ಸರಿ. ಯಾರ ಮನಸ್ಸಿನಲ್ಲಿಯೂ ಮೋಸವಿಲ್ಲದಿದ್ದರೂ ಲೆಕ್ಕ ತಪ್ಪುತ್ತದೆ.

ಹಿಡಿತದ ಮಾತಿಗೆ ಬಂದರೆ, ಅಗಲ ಹೆಚ್ಚಿದಷ್ಟೂ ನೆಲಕ್ಕೆ ತಾಗುವ ಭಾಗ ಹೆಚ್ಚುತ್ತದೆ ಎಂಬ ನಂಬಿಕೆ ಪೂರ್ಣ ಸತ್ಯವಲ್ಲ. ಆ ಭಾಗದ ವಿಸ್ತೀರ್ಣವನ್ನು ಬಹುಮಟ್ಟಿಗೆ ನಿರ್ಧರಿಸುವುದು ಕಾರಿನ ಭಾರ ಮತ್ತು ಗಾಳಿಯ ಒತ್ತಡ. ಅಗಲವಾದ ಟೈರಿನಲ್ಲಿ ಅದು ಅಡ್ಡಕ್ಕೆ ಹಿಗ್ಗಿ ಉದ್ದಕ್ಕೆ ಕುಗ್ಗುತ್ತದೆ. ಒಣಗಿದ ಹೆದ್ದಾರಿಯ ತಿರುವುಗಳಲ್ಲಿ ಇದರಿಂದ ಸ್ಥಿರತೆ ದೊರೆಯುವುದು ಹೌದು. ಆದರೆ ರಸ್ತೆಯ ಮೇಲೆ ನೀರು ನಿಂತಾಗ ಅಗಲವಾದ ಟೈರು ಹೆಚ್ಚು ನೀರನ್ನು ಪಕ್ಕಕ್ಕೆ ತಳ್ಳಬೇಕಾಗುವುದರಿಂದ, ವೇಗದಲ್ಲಿ ತೇಲುವ ಅಪಾಯ ಹೆಚ್ಚು. ನಮ್ಮ ಎರೆ ಭೂಮಿಯ ಕೆಸರಂತೂ ಅಂಟಿದರೆ ಬಿಡುವುದಿಲ್ಲ. ಟೈರಿಗೂ ಮಡ್‌ಗಾರ್ಡಿಗೂ ನಡುವಿನ ಸಂದು ಕಿರಿದಾದಷ್ಟೂ ಅದು ಬೇಗ ತುಂಬಿಕೊಳ್ಳುತ್ತದೆ. ಇಂಧನದ ಖರ್ಚೂ ಸಾಮಾನ್ಯವಾಗಿ ಏರುತ್ತದೆ.

ಹಾಗಾದರೆ ಅಗಲವಾದ ಟೈರು ಸರ್ವಥಾ ಬೇಡವೇ? ಹಾಗೇನಿಲ್ಲ. ಮಾರುತಿ ಡಿಸೈರ್ ಕಾರಿನ ಕೆಳ ಶ್ರೇಣಿಗಳಿಗೆ 165/80 ಆರ್14 ಇದ್ದರೆ, ಮೇಲಿನ ಶ್ರೇಣಿಗೆ ಕಂಪನಿಯೇ 185/65 ಆರ್15 ಕೊಟ್ಟಿದೆ. ರಿಮ್ಮು ಒಂದು ಅಂಗುಲ ಹಿರಿದಾದ್ದರಿಂದ ಗಾಲಿಯ ವ್ಯಾಸ ಸುಮಾರು 621 ಮಿ.ಮೀ. ಆಗಿ, ಬಹುತೇಕ ಮೊದಲಿನಷ್ಟೇ ಉಳಿಯುತ್ತದೆ. ಅಗಲ ಬೇಕೆನ್ನುವವರು ತಯಾರಕರು ಒಪ್ಪಿದ ಇಂತಹ ಅಳತೆಯನ್ನೇ, ರಿಮ್ಮಿನ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ, ಆರಿಸಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸವಾಗುವ ಮಾರ್ಪಾಡನ್ನು ನಿರ್ಬಂಧಿಸುತ್ತದೆ ಎಂಬುದನ್ನೂ, ಅಪಘಾತವಾದಾಗ ವಿಮೆಯವರು ಪ್ರಶ್ನಿಸಬಹುದೆಂಬುದನ್ನೂ ಮರೆಯಬಾರದು. ಭಾರದ ಸೂಚ್ಯಂಕವೂ ಮೊದಲಿನದಕ್ಕಿಂತ ಕಡಿಮೆಯಿರಕೂಡದು: 85 ಎಂದರೆ ಪ್ರತಿ ಟೈರಿಗೆ 515 ಕಿ.ಗ್ರಾಂ., 82 ಎಂದರೆ 475 ಕಿ.ಗ್ರಾಂ. ಮಾತ್ರ. ಡಿಕ್ಕಿಯಲ್ಲಿ ಸರಕು ಹೇರುವವರಿಗೆ ಈ ಅಂತರ ಮುಖ್ಯವಾದುದು.

ನಮ್ಮ ಮೂರೂ ಪಟ್ಟಣಗಳ ಟೈರು ವರ್ತಕ ಬಾಂಧವರಲ್ಲಿ ಒಂದು ವಿನಂತಿ. ಅಳತೆ ಬದಲಿಸಿ ಮಾರುವಾಗ ಹಳೆಯ ಮತ್ತು ಹೊಸ ಅಳತೆ, ಗಾಲಿಯ ವ್ಯಾಸ, ಭಾರದ ಸೂಚ್ಯಂಕ ಹಾಗೂ ತಯಾರಿಕೆಯ ವಾರ, ವರ್ಷ ಸೂಚಿಸುವ ನಾಲ್ಕು ಅಂಕಿಗಳನ್ನು ಬಿಲ್ಲಿನಲ್ಲಿಯೇ ನಮೂದಿಸಲಿ. ಅದಕ್ಕೆ ಬೇಕಾಗುವುದು ಎರಡು ಸಾಲಿನ ಜಾಗ ಮಾತ್ರ. ಗಿರಾಕಿಗೆ ತಾನು ಕೊಂಡದ್ದೇನೆಂಬುದು ತಿಳಿಯುತ್ತದೆ, ಅಂಗಡಿಯ ಮಾತಿಗೆ ಬೆಲೆ ಬರುತ್ತದೆ. ಕೊಳ್ಳುವವರಾದರೂ ಅಗಲಕ್ಕೆ ಸುರಿಯುವ ಹೆಚ್ಚುವರಿ ಹಣದಲ್ಲಿ ಒಂದು ಪಾಲನ್ನು ಹೊಸ ತಯಾರಿಕೆಯ ಟೈರಿಗೂ, ವ್ಹೀಲ್ ಅಲೈನ್‌ಮೆಂಟಿಗೂ ಮೀಸಲಿಟ್ಟು, ತಿಂಗಳಿಗೆರಡು ಬಾರಿ ಗಾಳಿ ಪರೀಕ್ಷಿಸಿದರೆ ಬಯಸಿದ ಹಿಡಿತದ ಬಹುಭಾಗ ಮೂಲ ಅಳತೆಯಲ್ಲಿಯೇ ದೊರೆಯುತ್ತದೆ.