ವಾರ್ಷಿಕ ವರದಿಯ ಒಂದು ಸಾಲು

ಮಾರ್ಗಶಿರ, ಪುಷ್ಯ ಮಾಸಗಳು ಬಂದುವೆಂದರೆ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹಳ್ಳಿಯ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಂಭ್ರಮವು ಮೊದಲಾಗುತ್ತದೆ. ಮಳೆ ನಿಂತು ಅಂಗಳವು ಒಣಗಿ, ಅಡಕೆಯ ಕೊಯ್ಲಿನ ನಡುವೆಯೂ ಊರವರಿಗೆ ಒಂದು ಸಂಜೆಯ ಬಿಡುವು ದೊರೆಯುವ ಕಾಲವಿದು. ಮಕ್ಕಳ ಯಕ್ಷಗಾನಕ್ಕೆ ಮುಂಚಿತವಾಗಿ ಮುಖ್ಯೋಪಾಧ್ಯಾಯರು ವರದಿಯನ್ನು ಓದುವರು. ವಾಚಕ ಮಹಾಶಯರಲ್ಲಿ ಅನೇಕರು ಅದನ್ನು ಕೇಳಿರಬಹುದು. ಕೇಳುತ್ತ ಪಕ್ಕದವರೊಡನೆ ಮಾತನಾಡಿರಲೂಬಹುದು. ಮಕ್ಕಳ ಸಂಖ್ಯೆ, ಹಾಜರಿ, ಬಿಸಿಯೂಟ, ದಾನಿಗಳ ಹೆಸರು, ಇವೆಲ್ಲ ಆದ ಬಳಿಕ ಒಂದು ಸಾಲು ಬರುತ್ತದೆ: ಈ ವರುಷ ಇಂಥವರು ವರ್ಗವಾಗಿ ಹೋದರು, ಇಂಥವರು ಬಂದು ಸೇರಿದರು. ಅಂತಹ ಸಾಲುಗಳನ್ನು ನಾನೂ ಹಲವು ವರುಷ ಬರೆದು ಓದಿದವನು. ಅವುಗಳಲ್ಲೊಂದು ಇಂದಿಗೂ ನನ್ನ ಮನಸ್ಸನ್ನು ಚುಚ್ಚುತ್ತಿರುವುದರಿಂದ ಅದನ್ನೇ ಈ ತಿಂಗಳು ಹೇಳುವೆನು.

ಸುಮಾರು ಹತ್ತು ವರುಷಗಳ ಹಿಂದೆ ನಾನು ಸುಳ್ಯ ಸೀಮೆಯ ಒಂದು ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆನು. ತರಗತಿಗಳು 5, ಮಕ್ಕಳು 38, ಉಪಾಧ್ಯಾಯರು ಇಬ್ಬರು. 2009ರ ಶಿಕ್ಷಣದ ಹಕ್ಕಿನ ಕಾಯಿದೆಯು 60 ಮಕ್ಕಳವರೆಗೆ ಇಬ್ಬರೆಂದು ವಿಧಿಸಿರುವುದರಿಂದ ಮೂರನೆಯವರನ್ನು ಕೇಳುವ ಹಕ್ಕು ನಮಗಿರಲಿಲ್ಲ. ನನ್ನ ಸಹೋಪಾಧ್ಯಾಯಿನಿಯು ವಿಜಯಪುರದ ಕಡೆಯವರು. ತಮ್ಮ ಹಸುಳೆಯನ್ನು ತಾಯಿಯ ಮನೆಯಲ್ಲಿ ಬಿಟ್ಟು ಈ ಕಾಡುನಾಡಿಗೆ ಬಂದಿದ್ದರು.

ನಮ್ಮ ಮಕ್ಕಳ ಮನೆಮಾತು ತುಳು, ಇಲ್ಲವೆ ಅರೆಭಾಷೆ. ಆಕೆಯದು ಬಯಲುಸೀಮೆಯ ಕನ್ನಡ. ಮೊದಲ ವಾರದಲ್ಲಿಯೇ ಒಬ್ಬ ಹುಡುಗನು ಓಡಿಬಂದು "ಬರ್ಸ ಬರ್ಪುಂಡು" ಎಂದನು. ವರುಷವು ಹೇಗೆ ಓಡಿಬರುವುದೆಂದು ಆಕೆ ನನ್ನನ್ನು ಕೇಳಿದರು. ತುಳುವಿನಲ್ಲಿ ಬರ್ಸವೆಂದರೆ ಮಳೆ. ಸಂಸ್ಕೃತದ ವರ್ಷ ಶಬ್ದಕ್ಕೂ ಮಳೆಯೆಂದೂ ಸಂವತ್ಸರವೆಂದೂ ಎರಡರ್ಥಗಳುಂಟೆಂದು ತಿಳಿಸಿದೆನು. ಆಕೆ ನಕ್ಕು ಆ ಮಾತನ್ನು ಪುಸ್ತಕದಲ್ಲಿ ಬರೆದುಕೊಂಡರು. ಹಾಗೆ ದಿನಕ್ಕೊಂದು ತುಳು ಮಾತನ್ನು ಮಕ್ಕಳಿಂದ ಕಲಿತು, ಅದರ ಬದಲಿಗೆ ಒಂದು ಕನ್ನಡದ ಮಾತನ್ನು ಅವರಿಗೆ ಕಲಿಸುತ್ತ ಆರು ಮಳೆಗಾಲಗಳನ್ನು ಕಳೆದರು.

ಆರನೆಯ ಮಳೆಗಾಲದಲ್ಲಿ ಆಕೆಗೆ ತವರು ಜಿಲ್ಲೆಗೆ ವರ್ಗದ ಆಜ್ಞೆಯಾಯಿತು. ಆಗ ವರ್ಗಾವಣೆಗಳು 2007ರ ಕಾಯಿದೆಯ ಮೇರೆಗೆ ಕೌನ್ಸೆಲಿಂಗ್ ಮೂಲಕ ನಡೆಯುತ್ತಿದ್ದುವು; ಈಗ ಅದರ ಸ್ಥಾನದಲ್ಲಿ 2020ರ ಕಾಯಿದೆಯಿದೆ. ಜಿಲ್ಲೆಯಿಂದ ಹೊರಗೆ ಹೋಗುವ ಅವಕಾಶವು ಮಿತವಾದುದರಿಂದ ಅದು ದೊರೆತುದೇ ಭಾಗ್ಯ. ಆದರೆ ಬದಲಿ ಉಪಾಧ್ಯಾಯರು ಬರುವ ತನಕ ಆಕೆಯನ್ನು ಬಿಡುಗಡೆ ಮಾಡಬಾರದೆಂಬ ಷರತ್ತು ಅದರೊಡನೆ ಇದ್ದಿತು. ಬದಲಿಯವರು ಬರಲಿಲ್ಲ. ಐದು ತರಗತಿಗಳನ್ನೂ ಬಿಸಿಯೂಟದ ಲೆಕ್ಕವನ್ನೂ ಒಬ್ಬನೇ ಹೊರುವ ಭಯವು ನನ್ನನ್ನು ಹಿಡಿದಿದ್ದಿತು. ಷರತ್ತನ್ನು ಮುಂದೆ ಮಾಡಿಕೊಂಡು ನಾನು ಸುಮ್ಮನಿದ್ದೆನು. ಕಚೇರಿಗೆ ಹೋಗಿ, ಹತ್ತಿರದ ಶಾಲೆಯಿಂದ ಯಾರನ್ನಾದರೂ ತಾತ್ಕಾಲಿಕವಾಗಿ ನಿಯೋಜಿಸಿರೆಂದು ಒಮ್ಮೆಯಾದರೂ ಕೇಳಬಹುದಾಗಿತ್ತು, ಕೇಳಲಿಲ್ಲ. ಆಕೆ ನನ್ನೊಡನೆ ವಾದಿಸಲೂ ಇಲ್ಲ.

ತಿಂಗಳುಗಳು ಕಳೆದುವು. ಶಾಲೆಯ ಸಮಿತಿಯ ಸಭೆಯಲ್ಲಿ, ಉಪಾಧ್ಯಾಯಿನಿಯವರನ್ನು ಬಿಟ್ಟರೆ ನಮ್ಮ ಮಕ್ಕಳ ಗತಿಯೇನೆಂಬ ಚರ್ಚೆ ನಡೆದಿತ್ತು. ಹಿಂದೆ ಕುಳಿತಿದ್ದ ಒಬ್ಬ ತಾಯಿ, ತೋಟದ ಕೂಲಿಯಾಕೆ, ಎದ್ದು ನಿಂತು ಕೇಳಿದಳು: "ಟೀಚರ ಮಗಳು ಈ ವರುಷ ಶಾಲೆಗೆ ಸೇರಿದ್ದಾಳಂತೆ. ಅವಳಿಗೆ ಅಕ್ಷರ ಬರೆಯಿಸುವವರು ಯಾರು?" ಸಭೆಯು ನಿಶ್ಶಬ್ದವಾಯಿತು. ಪಕ್ಕದ ಕೋಣೆಯಲ್ಲಿ ಆ ಉಪಾಧ್ಯಾಯಿನಿಯು ನಮ್ಮ ಮಕ್ಕಳಿಗೆ ಅಕ್ಷರ ಬರೆಯಿಸುತ್ತಿದ್ದರು. ಆರು ವರುಷಗಳಲ್ಲಿ ನಾನು ಕೇಳದೆ ಹೋದ ಪ್ರಶ್ನೆಯನ್ನು ಆಕೆ ಕೇಳಿದಳು.

ಆ ದಿನವೇ ಕೆಲಸವು ಸಾಗಿತು. ಉಪಾಧ್ಯಾಯ ತರಬೇತಿ ಪಡೆದು ಮನೆಯಲ್ಲಿದ್ದ ಊರಿನ ಹುಡುಗಿಯೊಬ್ಬಳನ್ನು ಗೌರವ ಶಿಕ್ಷಕಿಯಾಗಿ ಕರೆಯುವುದು, ಸಂಭಾವನೆಗೆ ಮನೆಮನೆಯಿಂದ ಚಂದಾ ಎತ್ತುವುದು, ನಿಯೋಜನೆಗಾಗಿ ಠರಾವಿನೊಡನೆ ಕಚೇರಿಗೆ ಹೋಗುವುದು ಎಂದು ನಿಶ್ಚಯವಾಯಿತು. ಮೂರು ವಾರಗಳಲ್ಲಿ ನಿಯೋಜನೆಯ ಆಜ್ಞೆಯು ಕೈಸೇರಿ, ಆಕೆ ಹೊರಟರು. ಮೂರು ವಾರಗಳಲ್ಲಿ ಆಗುವ ಕೆಲಸವನ್ನು ಐದು ತಿಂಗಳು ತಡೆದವನು ನಾನೇ ಎಂದಾಯಿತು.

ಊರವರು ಮನಸ್ಸು ಮಾಡಿದರೆ ಶಾಲೆ ನಡೆಯುವುದೆಂಬುದು ನಮ್ಮ ಸೀಮೆಗೆ ಹೊಸತಲ್ಲ. ಸಹಕಾರ ಕಾರ್ಯದಿಂದ ಪ್ರಸಿದ್ಧರಾದ ಮೊಳಹಳ್ಳಿ ಶಿವರಾಯರು 1916ರಲ್ಲಿ ಪುತ್ತೂರಿನ ಕೊಂಬೆಟ್ಟಿನಲ್ಲಿ ಹೈಸ್ಕೂಲಿಗೆ ಕಾರಣರಾದರು. ಸುಳ್ಯದ ಬಳಿಯ ಅರಂಬೂರಿನಲ್ಲಿ ಗಿರೀಶ ಭಾರದ್ವಾಜರು ಪಯಸ್ವಿನಿಗೆ 1989ರಲ್ಲಿ ತೂಗುಸೇತುವೆಯನ್ನು ಕಟ್ಟಿದುದು ಊರವರು ಬಂದು ಕೇಳಿಕೊಂಡುದರಿಂದ. 2001ರಿಂದ ಪ್ರತಿ ಸರಕಾರಿ ಶಾಲೆಗೂ ತಾಯಿತಂದೆಗಳ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯಿದೆ. ಅದು ಬಣ್ಣ ಬಳಿಯಿಸುವುದಕ್ಕೆ ಮಾತ್ರವಿರುವುದಲ್ಲ. ಉಪಾಧ್ಯಾಯರೊಬ್ಬರ ವರ್ಗದ ಸುದ್ದಿ ಕೇಳಿದ ದಿನವೇ ಸಭೆ ಸೇರಲು ಅದಕ್ಕೆ ಅಡ್ಡಿಯೇನು? ಹೊಸಬರಿಗೆ ಬಾಡಿಗೆಯ ಮನೆಯನ್ನು ನೋಡಿಕೊಡುವುದು, ಮೊದಲ ಮಳೆಗಾಲದಲ್ಲಿ ಅವರ ಯೋಗಕ್ಷೇಮ ವಿಚಾರಿಸುವುದು, ಇವೂ ಗೃಹಸ್ಥರಿಂದ ಆಗತಕ್ಕ ಕೆಲಸಗಳೇ. ದೂರದಿಂದ ಬಂದವರು ಬೇಗನೆ ಹೊರಡುವರೆಂದು ದೂರುವ ನಾವು, ಅವರು ಇಲ್ಲಿ ಹೇಗೆ ಬಾಳಿದರೆಂದು ಕೇಳುವುದು ಅಪರೂಪ.

ಆ ವರುಷದ ವರದಿಯಲ್ಲಿ ನಾನು ಬರೆದುದು ಇಷ್ಟೇ: "ಸಹೋಪಾಧ್ಯಾಯಿನಿಯೋರ್ವರು ವರ್ಗವಾಗಿ ತೆರಳಿದರು." ಊರವರು ಚಪ್ಪಾಳೆ ತಟ್ಟಿದರು, ನಾನು ಮುಂದಿನ ಸಾಲಿಗೆ ಹೋದೆನು. ಈಗ ಬರೆಯುವುದಾದರೆ ಹೀಗೆ ಬರೆಯುತ್ತಿದ್ದೆನು: ಆರು ಮಳೆಗಾಲ ನಮ್ಮ ಮಕ್ಕಳಿಗೆ ಅಕ್ಷರ ಕಲಿಸಿದ ಉಪಾಧ್ಯಾಯಿನಿಯವರು ತಮ್ಮ ಮಗಳ ಬಳಿಗೆ ಹೋದರು, ಅವರನ್ನು ಐದು ತಿಂಗಳು ತಡೆದುದಕ್ಕಾಗಿ ಕ್ಷಮೆ ಕೋರುತ್ತೇವೆ. ಈ ವರುಷ ವರದಿಗಳನ್ನು ಬರೆಯಲು ಕುಳಿತಿರುವ ನನ್ನ ಕಿರಿಯ ಮಿತ್ರರು ಆ ಒಂದು ಸಾಲಿಗೆ ಇನ್ನೆರಡು ಸಾಲುಗಳನ್ನು ಸೇರಿಸಲಿ. ಕೇಳುವವರು ಆ ಹೊತ್ತಿನಲ್ಲಾದರೂ ಪಕ್ಕದವರೊಡನೆ ಮಾತನಾಡದಿರಲಿ.